ಊರಿನ ಆಟ, ಹೊರನಾಡಿನ ಟಿವಿ

ಮುಂಬೈ, ಪುಣೆ, ಗೋವಾದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಈ ಬಾರಿ ಒಂದೇ ವಿಷಯದವನ್ನು ಆರಿಸಿಕೊಂಡಿದ್ದೇವೆ. ಬೆಂಗಳೂರಿನ ತಂಡದ ಕ್ರಿಕೆಟ್ ಇರಲಿ, ಕರಾವಳಿಯ ಕಂಬಳ ಇರಲಿ, ಜಾತ್ರೆಯ ಕುಸ್ತಿ ಇರಲಿ, ಊರು ಬಿಟ್ಟು ಬಂದವರ ಮನೆಯ ಟಿವಿಯಲ್ಲಿ ಅದು ಸರಿಯಾಗಿ, ಸಾಧ್ಯವಾದರೆ ಕನ್ನಡದಲ್ಲೇ ಬರುವಂತೆ ಮಾಡುವುದು ಹೇಗೆ? ಡಿಶ್ ಕೂರಿಸುವುದು, ಕೇಬಲ್ ಎಳೆಯುವುದು, ನೇರಪ್ರಸಾರ ಬಲ್ಲ ನಮ್ಮ ಬಳಗದವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಕೇಬಲ್ ಸಂಪರ್ಕ. ಐಪಿಎಲ್ ಹಿಂದಿ, ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡ ವೀಕ್ಷಕ ವಿವರಣೆ ಕೇಳಿದರೆ ಕೇಬಲ್‌ನವರು ‘ಅದು ಕರ್ನಾಟಕಕ್ಕೆ ಮಾತ್ರ, ಮುಂಬೈಗೆ ಬರಲ್ಲ’ ಅನ್ನುತ್ತಾರೆ. ನಿಜವೇ? — ಡೊಂಬಿವಲಿಯ ಓದುಗರು

ಉತ್ತರ: ‘ನಮ್ಮ ಕೇಬಲ್‌ನಲ್ಲಿ ಇಲ್ಲ’ ಎಂದರೆ ನಿಜವಿರಬಹುದು. ‘ಮುಂಬೈಗೆ ಬರಲ್ಲ’ ಎಂಬುದು ನಿಜವಲ್ಲ. ಉಪಗ್ರಹದಿಂದ ಇಳಿಯುವ ಚಾನೆಲ್ ಇಡೀ ದೇಶಕ್ಕೆ ಒಂದೇ. ಮಂಗಳೂರಿನ ಮೇಲೆ ಬೀಳುವ ತರಂಗವೇ ಡೊಂಬಿವಲಿಯ ಮೇಲೂ ಬೀಳುತ್ತದೆ. ಅದನ್ನು ಹಿಡಿದು ತಂತಿಯೊಳಗೆ ಕಳಿಸುವವರು ಕೇಬಲ್ ಕಂಪನಿಯವರು. ತಂತಿಯಲ್ಲಿ ಜಾಗಕ್ಕೆ ಮಿತಿ ಇರುವುದರಿಂದ ಆ ಊರಲ್ಲಿ ಹೆಚ್ಚು ಜನ ಕೇಳುವ ಚಾನೆಲ್‌ಗಳಿಗೇ ಮೊದಲ ಮಣೆ.

ಆದ್ದರಿಂದ ಮೊದಲು ‘ಸ್ಟಾರ್ ಸ್ಪೋರ್ಟ್ಸ್ ಕನ್ನಡ ನಿಮ್ಮ ಪಟ್ಟಿಯಲ್ಲಿ ಇದೆಯೇ’ ಎಂದು ಚಾನೆಲ್ ಹೆಸರು ಹೇಳಿಯೇ ಕೇಳಿ. ‘ಕನ್ನಡ ಕ್ರಿಕೆಟ್ ಬರುತ್ತದೆಯೇ’ ಎಂದು ಕೇಳಿದರೆ ಹುಡುಕದೆಯೇ ‘ಇಲ್ಲ’ ಅನ್ನುತ್ತಾರೆ. ಪಟ್ಟಿಯಲ್ಲಿದ್ದರೆ ಅದೊಂದನ್ನೇ ಬಿಡಿಯಾಗಿ ಕೊಳ್ಳುವ ಹಕ್ಕು ನಿಮಗಿದೆ. 2019ರಲ್ಲಿ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಪ್ರತಿ ಪಾವತಿ ಚಾನೆಲ್‌ಗೂ ಪ್ರತ್ಯೇಕ ಬೆಲೆ ಇದೆ. ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಬಹುದು. ಸೆಟ್‌ಟಾಪ್ ಬಾಕ್ಸ್‌ನಲ್ಲಿ 999ನೇ ಚಾನೆಲ್ ಒತ್ತಿದರೆ ಬೆಲೆಗಳ ಪಟ್ಟಿ ಬರಬೇಕು.

ಪಟ್ಟಿಯಲ್ಲೇ ಇಲ್ಲದಿದ್ದರೆ ಒಬ್ಬರೇ ಕೇಳಿ ಪ್ರಯೋಜನವಿಲ್ಲ. ಅದೇ ಕೇಬಲ್‌ನ ಹತ್ತು ಹದಿನೈದು ಕನ್ನಡ ಮನೆಗಳವರು ತಮ್ಮ ಗ್ರಾಹಕ ಸಂಖ್ಯೆ ಸಮೇತ ಬರೆದುಕೊಡಿ. ಬೀದಿಯ ಕೇಬಲ್‌ನವರ ಕೈಯಲ್ಲಿ ಚಾನೆಲ್ ಸೇರಿಸುವ ಅಧಿಕಾರ ಇರುವುದಿಲ್ಲ. ಅವರು ಮೇಲಿನ ಕಂಪನಿಗೆ ಕಳಿಸಬೇಕು, ಕಾಗದ ಇದ್ದರೆ ಕಳಿಸುತ್ತಾರೆ. ಐಪಿಎಲ್ ಮಾರ್ಚ್ ಕೊನೆಗೆ ಶುರುವಾಗುತ್ತದೆ, ಹಾಗಾಗಿ ಜನವರಿಯಲ್ಲೇ ಕೇಳಿ.

ಡಿಟಿಎಚ್‌ಗೆ, ಅಂದರೆ ಮನೆಗೇ ಡಿಶ್ ಕೂರಿಸುವ ಸಂಪರ್ಕಕ್ಕೆ ಬದಲಾಗುವುದು ಎರಡನೆಯ ದಾರಿ. ಅಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ: ವಿಳಾಸ ನೋಡಿ ಮರಾಠಿ ಪ್ಯಾಕ್ ಹಾಕಿಬಿಡುತ್ತಾರೆ. ಕನ್ನಡ ಪ್ಯಾಕ್ ಎಂದು ಹೇಳಿ ಹಾಕಿಸಿದರೂ ಅದರಲ್ಲಿ ಧಾರಾವಾಹಿ, ಸುದ್ದಿ, ಸಿನಿಮಾ ಚಾನೆಲ್‌ಗಳಷ್ಟೇ ಇದ್ದು ಕ್ರೀಡಾ ಚಾನೆಲ್ ಇಲ್ಲದಿರಬಹುದು. ಹಣ ಕಟ್ಟುವ ಮುನ್ನ ಪಟ್ಟಿ ಓದಿ. ಹೊಸ ಚಾನೆಲ್ ಸೇರಿಸಿದ ಮೇಲೆ ಬಾಕ್ಸ್ ಚಾಲೂ ಇಟ್ಟು ಅರ್ಧ ಗಂಟೆ ಕಾಯಿರಿ. ಬಾಕ್ಸ್ ಆಫ್ ಆಗಿದ್ದರೆ ಅನುಮತಿಯ ಸಂಕೇತ ಅದಕ್ಕೆ ತಲುಪುವುದಿಲ್ಲ. ಆಗಲೂ ಬಾರದಿದ್ದರೆ ಗ್ರಾಹಕ ಸೇವೆಗೆ ಕರೆಮಾಡಿ ‘ರಿಫ್ರೆಶ್ ಕಳಿಸಿ’ ಎಂದರೆ ಸಾಕು.

ಇಂಟರ್ನೆಟ್ ಚೆನ್ನಾಗಿದ್ದರೆ ಜಿಯೋಹಾಟ್‌ಸ್ಟಾರ್ ಆ್ಯಪ್ ಮೂರನೆಯ ದಾರಿ. ಪಂದ್ಯ ಓಡುತ್ತಿರುವಾಗ ಪರದೆಯ ಮೇಲೆ ಬರುವ ಭಾಷೆಯ ಗುರುತು ಒತ್ತಿ ಕನ್ನಡ ಆರಿಸಿ. ಮೊಬೈಲಿನಲ್ಲಿ ಆರಿಸಿದ ಭಾಷೆಯೇ ಟಿವಿಯಲ್ಲೂ ಬರುತ್ತದೆ ಎಂದುಕೊಳ್ಳಬೇಡಿ, ಅಲ್ಲಿ ಮತ್ತೆ ಆರಿಸಬೇಕಾಗಬಹುದು. ಇನ್ನೊಂದು ಮಾತು: ಬಾಕ್ಸ್‌ನ ರಿಮೋಟ್‌ನಲ್ಲಿರುವ ಭಾಷೆಯ ಗುಂಡಿ ಒತ್ತಿ ‘ಕನ್ನಡ ಬರಲಿಲ್ಲ’ ಎಂದು ಅನೇಕರು ಬರೆದಿದ್ದಾರೆ. ಒಂದೇ ಚಾನೆಲ್ ಹಲವು ಭಾಷೆಯ ಧ್ವನಿ ಹೊತ್ತು ಬಂದಾಗ ಮಾತ್ರ ಆ ಗುಂಡಿಗೆ ಕೆಲಸ. ಭಾಷೆಗೊಂದು ಚಾನೆಲ್ ಇದ್ದಾಗ ಚಾನೆಲನ್ನೇ ಬದಲಿಸಬೇಕು.

ಪ್ರಶ್ನೆ: ಬಾಡಿಗೆ ಫ್ಲ್ಯಾಟ್, ಎಂಟನೇ ಮಹಡಿ. ಹೊರಗೋಡೆಗೆ ಡಿಶ್ ಹೊಡೆಯಲು ಸೊಸೈಟಿಯವರು ಬಿಡುವುದಿಲ್ಲ. ಬಾಲ್ಕನಿಯೊಳಗೆ ಕೂರಿಸಬಹುದೇ? ಎದುರಿಗೆ ಇನ್ನೊಂದು ಕಟ್ಟಡವೂ ಇದೆ. — ಪುಣೆಯ ಹಡಪ್ಸರದ ಓದುಗರು

ಉತ್ತರ: ನಿಮ್ಮ ಬಾಲ್ಕನಿ ಯಾವ ದಿಕ್ಕಿಗಿದೆ ಎಂದು ಬರೆದಿಲ್ಲ. ಎಲ್ಲ ನಿಂತಿರುವುದು ಅದರ ಮೇಲೆ. ನಮ್ಮ ಡಿಟಿಎಚ್ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ, ಪುಣೆಗೆ ಪೂರ್ವದಲ್ಲಿವೆ. ಹಾಗಾಗಿ ಡಿಶ್ ಯಾವತ್ತೂ ಆಗ್ನೇಯದ ಕಡೆಗೇ ನೋಡಬೇಕು. ಬಾಲ್ಕನಿ ಪಶ್ಚಿಮಕ್ಕೋ ಉತ್ತರಕ್ಕೋ ಇದ್ದರೆ ಅಲ್ಲಿ ಕೂರಿಸುವ ಯೋಚನೆ ಬಿಡಿ. ಎಷ್ಟು ದೊಡ್ಡ ಡಿಶ್ ತಂದರೂ ಆಗದು.

ಪುಣೆಯ ಲೆಕ್ಕ ಹೀಗಿದೆ. ಟಾಟಾ ಪ್ಲೇ ಉಪಗ್ರಹ ಪೂರ್ವ ರೇಖಾಂಶ 83 ಡಿಗ್ರಿಯಲ್ಲಿದೆ. ದಿಕ್ಸೂಚಿಯಲ್ಲಿ ಸುಮಾರು 153 ಡಿಗ್ರಿ, ಅಂದರೆ ದಕ್ಷಿಣಕ್ಕೆ ಹತ್ತಿರ, ನೆಲದಿಂದ 66 ಡಿಗ್ರಿ ಮೇಲಕ್ಕೆ. ಸನ್ ಡೈರೆಕ್ಟ್ ಮತ್ತು ದೂರದರ್ಶನದ ಫ್ರೀ ಡಿಶ್ 93.5 ಡಿಗ್ರಿಯವು, ದಿಕ್ಕು 132, ಎತ್ತರ 59. ಏರ್‌ಟೆಲ್ 108.2ರಲ್ಲಿ, ದಿಕ್ಕು 115, ಪೂರ್ವಕ್ಕೆ ಹತ್ತಿರ, ಎತ್ತರ 45ರ ಆಸುಪಾಸು. ಮುಂಬೈಯಲ್ಲಿ ಇವೆಲ್ಲ ಒಂದೆರಡು ಡಿಗ್ರಿ ಆಚೀಚೆ.

ಈ ಎತ್ತರದ ಅಂಕಿಯಲ್ಲೇ ನಿಮ್ಮ ಉತ್ತರ ಅಡಗಿದೆ. ಎದುರು ಕಟ್ಟಡ 10 ಮೀಟರ್ ದೂರದಲ್ಲಿದ್ದರೆ, 45 ಡಿಗ್ರಿ ನೋಟದ ಡಿಶ್‌ಗೆ ಅದು ಡಿಶ್‌ಗಿಂತ 10 ಮೀಟರ್ ಎತ್ತರ ಇರುವವರೆಗೆ ಅಡ್ಡಿಯಿಲ್ಲ. 66 ಡಿಗ್ರಿಯದಾದರೆ 22 ಮೀಟರ್ ಎತ್ತರ ಇದ್ದರೂ ನೋಟ ಅದರ ನೆತ್ತಿಯ ಮೇಲೆ ಹಾದುಹೋಗುತ್ತದೆ. ಎದುರು ಗೋಪುರ ಇರುವವರಿಗೆ ಎತ್ತರದ ಉಪಗ್ರಹವೇ ವಾಸಿ.

ಬಾಲ್ಕನಿಯೊಳಗೆ ಇದು ತಿರುಗುಮುರುಗು. ಅಲ್ಲಿ ಅಡ್ಡ ಬರುವುದು ಮೇಲಿನ ಮನೆಯ ಬಾಲ್ಕನಿಯ ಸ್ಲ್ಯಾಬ್. ಡಿಶ್‌ನಿಂದ ಸ್ಲ್ಯಾಬ್ 2 ಮೀಟರ್ ಮೇಲಿದೆ ಎನ್ನಿ. ನೋಟ 66 ಡಿಗ್ರಿ ಇದ್ದರೆ ಡಿಶ್ ಸ್ಲ್ಯಾಬಿನ ಅಂಚಿನಿಂದ ಒಳಕ್ಕೆ 90 ಸೆಂಟಿಮೀಟರ್‌ಗಿಂತ ಹೆಚ್ಚು ಹೋಗುವಂತಿಲ್ಲ. ಹೋದರೆ ಸಿಮೆಂಟನ್ನೇ ನೋಡುತ್ತದೆ. 45 ಡಿಗ್ರಿಯದಾದರೆ 2 ಮೀಟರ್ ಒಳಗಿದ್ದರೂ ನಡೆದೀತು. ಡಿಶ್ ಕೊಳ್ಳುವ ಮುನ್ನ ಮೊಬೈಲಿನ ದಿಕ್ಸೂಚಿ ತೆರೆದು, ರೇಲಿಂಗ್ ಪಕ್ಕ ನಿಂತು, ಆ ದಿಕ್ಕಿನಲ್ಲಿ ಆ ಎತ್ತರಕ್ಕೆ ಬರೀ ಆಕಾಶ ಕಾಣುತ್ತದೆಯೇ ನೋಡಿ. ಕಬ್ಬಿಣದ ಗ್ರಿಲ್ ಹತ್ತಿರ ಹಿಡಿದರೆ ದಿಕ್ಸೂಚಿ ತಪ್ಪು ಹೇಳುತ್ತದೆ. ಒಂದು ಮಾರು ದೂರವಿರಿ. ಡಿಶ್ ನೆಟ್ಟಗೆ ನಿಂತಿದೆ, ಎದುರು ಗೋಡೆಯನ್ನೇ ನೋಡುತ್ತಿದೆ ಎಂದು ಗಾಬರಿಯಾಗಬೇಡಿ. ಈ ಡಿಶ್‌ಗಳ ಆಕಾರವೇ ಓರೆ; ಮುಖ ಕಾಣುವ ದಿಕ್ಕಿಗಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೆ ಅವುಗಳ ನೋಟ ಇರುತ್ತದೆ.

ಬಾಲ್ಕನಿ ಒದಗದಿದ್ದರೆ ತಾರಸಿ ಕೇಳಿ. ಸೊಸೈಟಿಯವರ ನಿಜವಾದ ಭಯ ಡಿಶ್ ಅಲ್ಲ, ಡ್ರಿಲ್ ಹೊಡೆದ ತೂತಿನಿಂದ ಮಳೆನೀರು ಇಳಿಯುವುದು. ತೂತಿಲ್ಲದೆ, ಚೌಕಟ್ಟಿನ ಸ್ಟ್ಯಾಂಡ್ ಇಟ್ಟು ನಾಲ್ಕು ಮೂಲೆಗೆ ಸಿಮೆಂಟ್ ಬ್ಲಾಕ್ ಹೇರುತ್ತೇವೆ, ಕೆಳಗೆ ರಬ್ಬರ್ ಹಾಸುತ್ತೇವೆ ಎಂದು ಬರೆದುಕೊಟ್ಟರೆ ಒಪ್ಪುವವರು ಬಹಳ. ಕೇಬಲ್ ಮೇಲೆ ‘ಆರ್‌ಜಿ-6’ ಎಂಬ ಮಾದರಿಯ ಹೆಸರಿರಲಿ. 30 ಮೀಟರ್ ದಾಟಿದರೆ ಸಂಕೇತ ಸೊರಗುತ್ತದೆ, ನಡುವೆ ಕೊಂಡಿ ಹಾಕಿದಷ್ಟೂ ಇನ್ನಷ್ಟು ಸೊರಗುತ್ತದೆ. ಒಂದೇ ಉದ್ದದ ತುಂಡು ಹಾಕಿಸಿ.

ಪ್ರಶ್ನೆ: ಮಳೆ ಹನಿದರೆ ಸಾಕು, ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಆಗಸ್ಟ್‌ನ ಮಹಾರಾಜ ಟ್ರೋಫಿ ಕ್ರಿಕೆಟ್ ಅರ್ಧ ನೋಡಿದ್ದೇ ಇಲ್ಲ. — ವಾಸ್ಕೋದ ಓದುಗರು

ಉತ್ತರ: ಎರಡು ಬೇರೆ ರೋಗಗಳಿಗೆ ಈ ಒಂದೇ ಲಕ್ಷಣ. ದಟ್ಟ ಮಳೆ ಬಂದಾಗ ಹೋಗಿ, ಮಳೆ ನಿಂತ ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೆ ಅದು ಮಳೆಹನಿಗಳೇ ತರಂಗವನ್ನು ಹೀರುವುದರಿಂದ ಆಗುವುದು. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಎಂಬ ತರಂಗಗಳ ಅಲೆಯುದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳು ಅದನ್ನು ಸುಲಭವಾಗಿ ತಡೆಯುತ್ತವೆ. ಜಿನುಗು ಮಳೆಗೇ ಹೋಗಿ, ಮಳೆ ನಿಂತ ಮರುದಿನವೂ ಸರಿಹೋಗದಿದ್ದರೆ ಕೊಂಡಿಯೊಳಗೆ ನೀರು ಹೊಕ್ಕಿದೆ ಎಂದರ್ಥ. ನಿಮ್ಮ ಮಾತು ಕೇಳಿದರೆ ಎರಡನೆಯದೇ ಇರಬೇಕು. ಅದೂ ಸಮುದ್ರದಂಡೆಯ ಊರು, ಉಪ್ಪುಗಾಳಿ ಲೋಹವನ್ನು ಬೇಗ ತಿನ್ನುತ್ತದೆ.

ಮಳೆ ಬಿಟ್ಟ ದಿನ, ಬಾಕ್ಸ್‌ನ ಪ್ಲಗ್ ಕಿತ್ತು, ಡಿಶ್‌ನ ಮುಂದೆ ಚಾಚಿದ ತೋಳಿನ ತುದಿಯಲ್ಲಿ ತರಂಗ ಹಿಡಿಯುವ ಪುಟ್ಟ ಡಬ್ಬಿ, ಅಂದರೆ ಎಲ್‌ಎನ್‌ಬಿಯಿಂದ ಕೇಬಲ್ ತಿರುಗಿಸಿ ಬಿಚ್ಚಿಸಿ. ನಡುವಿನ ತಾಮ್ರದ ತಂತಿ ಹಸಿರೋ ಕಪ್ಪೋ ಆಗಿದ್ದರೆ ಕಳ್ಳ ಸಿಕ್ಕಿದ. ಒರೆಸಿ ಮತ್ತೆ ಹಾಕಿದರೆ ಸಾಲದು; ತಂತಿ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ, ಹೊಸ ಎಫ್ ಕನೆಕ್ಟರ್ (ಕೇಬಲ್ ತುದಿಯ ಕೊಂಡಿ) ಹಾಕಿ, ಅದರ ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಮನೆಗೆ ಹಂಚು ಹೊದಿಸಿದ ಹಾಗೆ. ಮೇಲಿನಿಂದ ಸುತ್ತಿದರೆ ಪ್ರತಿ ಸುತ್ತಿನ ಬಾಯೂ ಮೇಲಕ್ಕಿದ್ದು ನೀರು ಕುಡಿಯುತ್ತದೆ. ಕೇಬಲ್ ಮನೆಯೊಳಗೆ ಬರುವ ಮುನ್ನ ಒಂದು ಗೇಣು ಕೆಳಕ್ಕೆ ಜೋತುಬಿಟ್ಟು ಮೇಲೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ.

ನಿಜವಾದ ಮಳೆಯ ತೊಂದರೆಗೆ ಪೂರ್ಣ ಪರಿಹಾರವಿಲ್ಲ, ತಗ್ಗಿಸಬಹುದು. ಮನೆಗೆ ಕೊಡುವ 60 ಸೆಂಟಿಮೀಟರ್ ಡಿಶ್ ಬದಲು 90ರದು ಹಾಕಿಸಿದರೆ ಹಿಡಿಯುವ ವಿಸ್ತೀರ್ಣ ಎರಡೂಕಾಲು ಪಟ್ಟು, ಸಂಕೇತದ ಬಲದಲ್ಲಿ ಸುಮಾರು ಮೂರೂವರೆ ಡೆಸಿಬೆಲ್ ಲಾಭ. ಸಾಮಾನ್ಯ ಮಳೆಗೆ ಇಷ್ಟು ಸಾಕು. ಜುಲೈನ ಗೋವಾದ ಧಾರಾಕಾರಕ್ಕೆ ಸಾಲದು. ಬಾಕ್ಸ್‌ನ ಮೆನುವಿನಲ್ಲಿ ಸಂಕೇತದ ಬಲ, ಗುಣಮಟ್ಟ ಎಂದು ಎರಡು ಪಟ್ಟಿ ಕಾಣುತ್ತವೆ. ನೋಡಬೇಕಾದ್ದು ಗುಣಮಟ್ಟ. ಬಿಸಿಲಿನ ದಿನ ಅದು ಎಷ್ಟಿದೆ ಎಂದು ಬರೆದಿಟ್ಟುಕೊಂಡರೆ ಮುಂದೆ ಡಿಶ್ ಸರಿದಿದೆಯೇ ಎಂದು ತಿಳಿಯುವುದು ಸುಲಭ.

ಮಾರ್ಚ್ ಮೊದಲರ್ಧದಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳಲ್ಲಿ, ಆಕಾಶ ಶುಭ್ರವಿದ್ದರೂ ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಕೆಲವು ನಿಮಿಷ ಚಿತ್ರ ಹೋಗಬಹುದು. ಸೂರ್ಯ ಉಪಗ್ರಹದ ಬೆನ್ನಿಗೇ ಬಂದು ಅದರ ದನಿ ಅಡಗಿಸುವ ದಿನಗಳವು. ಡಿಶ್ ಮುಟ್ಟಬೇಡಿ. ಮುಟ್ಟಿ ತಿರುಗಿಸಿದವರಿಗೆ ಸೂರ್ಯ ಸರಿದ ಮೇಲೂ ಚಿತ್ರ ಬರುವುದಿಲ್ಲ.

ಪ್ರಶ್ನೆ: ಅತ್ತೆಯವರಿಗೆ 78. ಮೂಡುಬಿದಿರೆ ಕಡೆಯವರು, ಕಂಬಳ ಎಂದರೆ ಪ್ರಾಣ. ಯೂಟ್ಯೂಬಿನಲ್ಲಿ ಬರುತ್ತದೆ ಎನ್ನುತ್ತಾರೆ, ಆದರೆ ಟಿವಿಯಲ್ಲಿ ಹಾಕಿದರೆ ಕೋಣ ಓಡುವ ಹೊತ್ತಿಗೇ ಚಿತ್ರ ಕಲಸಿಹೋಗುತ್ತದೆ. ಬೆಳಗ್ಗೆ ಎದ್ದು ರಾತ್ರಿಯದನ್ನು ನೋಡೋಣ ಎಂದರೆ ಸಿಗುವುದೂ ಇಲ್ಲ. — ಮುಲುಂಡಿನ ಓದುಗರು

ಉತ್ತರ: 2023ರ ಮೇ 18ರಂದು ಸುಪ್ರೀಂ ಕೋರ್ಟ್ ಕಂಬಳದ ಕಾನೂನನ್ನು ಎತ್ತಿಹಿಡಿದ ಮೇಲೆ ಪ್ರತಿ ಚಳಿಗಾಲವೂ ಕರಾವಳಿಯಲ್ಲಿ ವಾರಕ್ಕೊಂದರಂತೆ ಕಂಬಳ ನಡೆಯುತ್ತದೆ, ಹೆಚ್ಚಿನವು ನೇರಪ್ರಸಾರವಾಗುತ್ತವೆ. ನಿಮ್ಮ ಅತ್ತೆಯವರು ನೋಡಲೇಬೇಕು. ದಾರಿ ಇದೆ.

ಮೊದಲು ಕಲಸಿಹೋಗುವ ವಿಷಯ. ಇಂಟರ್ನೆಟ್‌ನಲ್ಲಿ ಚಿತ್ರ ಕಳಿಸುವಾಗ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಯಿತೋ ಅಷ್ಟನ್ನೇ ಮುಖ್ಯವಾಗಿ ಕಳಿಸುತ್ತಾರೆ. ಕೋಣಗಳು ಗಂತಿನಲ್ಲಿ (ಓಟ ಶುರುವಾಗುವ ಜಾಗ) ನಿಂತಿರುವಾಗ ಬದಲಾಗುವುದು ಕಡಿಮೆ, ಚಿತ್ರ ಸ್ವಚ್ಛ. ಓಟ ಶುರುವಾದೊಡನೆ ಕ್ಯಾಮೆರಾ ತಿರುಗುತ್ತದೆ, ಸಾವಿರಾರು ನೀರಹನಿ ಒಟ್ಟಿಗೆ ಹಾರುತ್ತವೆ, ಪ್ರತಿ ಚುಕ್ಕೆಯೂ ಬದಲಾಗುತ್ತದೆ. ಬರುವ ದತ್ತಾಂಶ ಸಾಲದೆ ಚಿತ್ರ ಚೌಕಗಳಾಗಿ ಒಡೆಯುತ್ತದೆ. ಕಂಬಳದ ನೀರಿನಷ್ಟು ಕಷ್ಟದ ದೃಶ್ಯ ಕ್ರಿಕೆಟ್‌ನಲ್ಲಿ ಎಲ್ಲೂ ಇಲ್ಲ.

ತಪ್ಪು ನಿಮ್ಮ ಮನೆಯದೋ, ಗದ್ದೆಯ ಕಡೆಯದೋ ಪತ್ತೆ ಮಾಡಿ. ಚಿತ್ರ ನಿಂತು ನಡುವೆ ಚಕ್ರ ತಿರುಗಿದರೆ ಹೆಚ್ಚಾಗಿ ನಿಮ್ಮ ಮನೆಯ ಇಂಟರ್ನೆಟ್ ತೊಂದರೆ. ಚಕ್ರ ತಿರುಗದೆ ಚಿತ್ರ ಮಾತ್ರ ಒಡೆದರೆ, ಯೂಟ್ಯೂಬ್‌ನ ಸೆಟ್ಟಿಂಗ್ಸ್ ಗುರುತು (ಹಲ್ಲುಚಕ್ರ) ಒತ್ತಿ ಗುಣಮಟ್ಟ ನೋಡಿ. ‘ಆಟೊ’ದಲ್ಲಿ 360ಕ್ಕೆ ಇಳಿದಿದ್ದರೆ ಕೈಯಾರೆ 720 ಅಥವಾ 1080 ಆರಿಸಿ. ಆಗಲೂ ಒಡೆದರೆ ಅವರು ಕಳಿಸುತ್ತಿರುವುದೇ ಹಾಗೆ: ಗದ್ದೆಯಂಚಿನಿಂದ ಮೊಬೈಲ್ ಜಾಲದಲ್ಲಿ ಮೇಲಕ್ಕೆ ಏರಿಸುವಾಗ, ಅಲ್ಲೇ ನೆರೆದ ಜನರ ಫೋನುಗಳೂ ಅದೇ ಗೋಪುರಕ್ಕೆ ಜೋತುಬಿದ್ದಿರುತ್ತವೆ. ಒಂದೇ ಕಂಬಳವನ್ನು ಎರಡು ಮೂರು ಚಾನೆಲ್‌ಗಳು ತೋರಿಸುವುದುಂಟು. ಇನ್ನೊಂದಕ್ಕೆ ಹೋಗಿ ನೋಡಿ.

ನಿಮ್ಮ ಮನೆಯದೇ ತೊಂದರೆ ಎಂದಾದರೆ ವೈಫೈ ಸಂದೇಹಿಸಿ. ಮುಂಬೈಯ ಒಂದೇ ಮಹಡಿಯಲ್ಲಿ ಇಪ್ಪತ್ತು ರೂಟರ್ 2.4 ಗಿಗಾಹರ್ಟ್ಸ್ ಎಂಬ ಒಂದೇ ತರಂಗಪಟ್ಟಿಯಲ್ಲಿ ಗಲಾಟೆ ಮಾಡುತ್ತಿರುತ್ತವೆ. ಟಿವಿಯನ್ನು ನಿಮ್ಮ ರೂಟರಿನ 5 ಗಿಗಾಹರ್ಟ್ಸ್‌ನ ವೈಫೈ ಹೆಸರಿಗೆ ಜೋಡಿಸಿ. ರೂಟರ್ ಮತ್ತು ಟಿವಿಯ ನಡುವೆ ಎರಡು ಗೋಡೆ ಇದ್ದರೆ ಅದೂ ಸೋಲುತ್ತದೆ. ಆಗ 10 ಮೀಟರ್‌ನ ಲ್ಯಾನ್ ಕೇಬಲ್ ಎಳೆದು ಟಿವಿಯ ಬೆನ್ನಿಗೆ ಸಿಕ್ಕಿಸುವುದೇ ಖಾಯಂ ಮದ್ದು.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೋಡುವವರಿಗೆ ಲೆಕ್ಕ: ಸೆಕೆಂಡಿಗೆ ಎರಡೂವರೆ ಮೆಗಾಬಿಟ್ ಪ್ರಸಾರ ಗಂಟೆಗೆ 1.1 ಜಿಬಿ ತಿನ್ನುತ್ತದೆ. ದಿನಕ್ಕೆ 2 ಜಿಬಿಯ ರೀಚಾರ್ಜ್ ಎರಡು ಗಂಟೆಯೊಳಗೆ ಖಾಲಿ. ಶನಿವಾರ ಬೆಳಗ್ಗೆಯಿಂದ ಭಾನುವಾರದವರೆಗೆ ನಡೆಯುವ ಕಂಬಳ ಪೂರ್ತಿ ನೋಡಲು 27 ಜಿಬಿ ಬೇಕು.

ಬೆಳಗ್ಗೆ ಹುಡುಕಿದರೆ ಸಿಗದಿರುವುದಕ್ಕೆ ಬೇರೆಯೇ ಕಾರಣ. ನೇರಪ್ರಸಾರ 12 ಗಂಟೆ ಮೀರಿದರೆ ಯೂಟ್ಯೂಬ್ ಅದನ್ನು ತಾನಾಗಿ ಉಳಿಸಿಡುವುದಿಲ್ಲ. ಇದು ಬಲ್ಲ ಚಾನೆಲ್‌ಗಳು ಕಂಬಳವನ್ನು ಭಾಗ 1, ಭಾಗ 2 ಎಂದು ಒಡೆದು ಹಾಕುತ್ತವೆ, ಅಂಥವನ್ನೇ ಆರಿಸಿ. ನಡೆಯುತ್ತಿರುವ ಪ್ರಸಾರದಲ್ಲಿ, ಆ ಚಾನೆಲ್‌ನವರು ಅವಕಾಶ ಇಟ್ಟಿದ್ದರೆ, ರಿಮೋಟಿನ ಎಡಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು. ತಪ್ಪಿದ ಓಟವನ್ನು ಆಗಲೇ ನೋಡಿಬಿಡುವುದು ಜಾಣತನ.

ಹುಡುಕುವಾಗ ಬರೀ ‘ಕಂಬಳ ಲೈವ್’ ಎಂದರೆ ಹಳೆಯ ವರ್ಷದ್ದನ್ನೇ ಮತ್ತೆ ಮತ್ತೆ ಓಡಿಸುವವರು ಮೊದಲು ಬರುತ್ತಾರೆ. ಊರಿನ ಹೆಸರು, ಜೋಡುಕರೆಯ (ಅಕ್ಕಪಕ್ಕದ ಎರಡು ಓಟದ ಗದ್ದೆ) ಹೆಸರು, ವರ್ಷ ಮೂರೂ ಸೇರಿಸಿ: ‘ಮೂಡುಬಿದಿರೆ ಕೋಟಿ ಚೆನ್ನಯ’, ‘ಮಿಯಾರು ಲವ ಕುಶ’, ‘ಐಕಳ ಕಾಂತಾಬಾರೆ ಬೂದಾಬಾರೆ’ ಹೀಗೆ. ಒಳ್ಳೆಯದು ಸಿಕ್ಕಿದಾಗ ನಿಮ್ಮ ಮೊಬೈಲಿನಲ್ಲಿ ಆ ಚಾನೆಲ್‌ಗೆ ಚಂದಾದಾರರಾಗಿ, ಟಿವಿಯ ಯೂಟ್ಯೂಬಿಗೂ ಅದೇ ಖಾತೆ ಹಾಕಿ. ಆಮೇಲೆ ಅತ್ತೆಯವರು ಅಕ್ಷರ ಕುಟ್ಟಬೇಕಿಲ್ಲ. ಚಂದಾದಾರಿಕೆಯ ಸಾಲಿಗೆ ಹೋದರೆ ಕೆಂಪು ಪಟ್ಟಿಯ ‘ಲೈವ್’ ಎದುರಿಗೇ ಇರುತ್ತದೆ.

ಮುಂಬೈಯಲ್ಲೇ ಬೆಳೆದ ಮಕ್ಕಳು ಪಕ್ಕದಲ್ಲಿ ಕೂತರೆ ಇಷ್ಟು ಹೇಳಿಕೊಡಿ: ಹಗ್ಗ, ನೇಗಿಲು, ಅಡ್ಡಹಲಗೆ ಎಂಬ ಸ್ಪರ್ಧೆಗಳಲ್ಲಿ ಯಾರು ಮೊದಲು ಮಂಜೊಟ್ಟಿ (ಓಟ ಮುಗಿಯುವ ತುದಿ) ಮುಟ್ಟಿದರು ಎಂಬುದೇ ತೀರ್ಪು. ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂದು ಎರಡೆರಡು ವಿಭಾಗ. ಕನೆಹಲಗೆಯಲ್ಲಿ ವೇಗ ಲೆಕ್ಕಕ್ಕಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು, ಕೋಲು ಎಂಬ ಹಳೆಯ ಅಳತೆಯಲ್ಲಿ, ಆರೂವರೆ ಕೋಲು ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಿತೇ ಎಂಬುದೇ ಎಲ್ಲ. ಇದು ಗೊತ್ತಿಲ್ಲದ ಮಕ್ಕಳು ‘ಒಂದೇ ಜೋಡಿ ಓಡಿತು, ಗೆದ್ದವರು ಯಾರು’ ಎಂದು ಕೇಳುತ್ತಾ ಕೂರುತ್ತಾರೆ.

ಪ್ರಶ್ನೆ: ಭಾರತದ ಪಂದ್ಯ ದೂರದರ್ಶನದಲ್ಲಿ ಉಚಿತ ಎಂದು ಪತ್ರಿಕೆಯಲ್ಲಿತ್ತು. ನಮ್ಮ ಕೇಬಲ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಬೇರೇನೋ ಬರುತ್ತಿತ್ತು. — ಮಡಗಾಂವ್ ಓದುಗರು

ಉತ್ತರ: ಎರಡೂ ಸರಿ. 2007ರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿ ಹಕ್ಕುದಾರರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಆದರೆ ಅದು ದೂರದರ್ಶನದ ಸ್ವಂತ ಜಾಲದಲ್ಲಿ ಮಾತ್ರ ಹೋಗಬೇಕು, ಖಾಸಗಿ ಕೇಬಲ್, ಡಿಟಿಎಚ್ ಮೂಲಕ ಅಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಅದನ್ನು ಉಚಿತವಾಗಿ ನೋಡಲು ಡಿಡಿ ಫ್ರೀ ಡಿಶ್ ಬೇಕು. ಒಮ್ಮೆ ಡಿಶ್, ಬಾಕ್ಸ್ ಕೊಂಡರೆ ತಿಂಗಳ ಹಣವಿಲ್ಲ, ಡಿಡಿ ಚಂದನವೂ ಬರುತ್ತದೆ. ಐಪಿಎಲ್ ಆ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ಪಕ್ಕದ ಮನೆಯವರು ‘ಔಟ್’ ಎಂದು ಕೂಗಿದ ಅರ್ಧ ನಿಮಿಷಕ್ಕೆ ನಮ್ಮಲ್ಲಿ ಔಟ್ ಆಗುತ್ತದೆ. — ಗೋರೆಗಾಂವ್ ಓದುಗರು

ಉತ್ತರ: ಅವರದು ಕೇಬಲ್ ಅಥವಾ ಡಿಶ್, ನಿಮ್ಮದು ಆ್ಯಪ್. ಆ್ಯಪ್‌ನವರು ಚಿತ್ರವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ನಡುವೆ ಜಾಲ ಕೈಕೊಟ್ಟರೂ ಆಟ ನಿಲ್ಲದಿರಲೆಂದು ನಿಮ್ಮ ಟಿವಿ ಮೂರು ನಾಲ್ಕು ತುಂಡು ಕೂಡಿಟ್ಟುಕೊಂಡೇ ತೋರಿಸತೊಡಗುತ್ತದೆ. 20ರಿಂದ 40 ಸೆಕೆಂಡ್ ಹಿಂದೆ ಬೀಳುವುದು ಸಹಜ. ನಡುವೆ ನಿಲ್ಲಿಸಿ ಮುಂದುವರಿಸಿದ್ದರೆ ಅಷ್ಟೂ ಹೊತ್ತು ಇದಕ್ಕೆ ಸೇರಿರುತ್ತದೆ. ‘ಲೈವ್’ ಎಂಬುದನ್ನು ಒತ್ತಿದರೆ ಆ ಭಾಗ ಕಳೆಯುತ್ತದೆ. ಪೂರ್ತಿ ನೀಗಬೇಕೆಂದರೆ ಕೇಬಲ್ಲೋ ಡಿಶ್ಶೋ ಬೇಕು. ಆ್ಯಪ್‌ನಲ್ಲೇ ಇರುವುದಾದರೆ ಮೊಬೈಲಿಗೆ ಬರುವ ಸ್ಕೋರ್ ಸೂಚನೆ, ಮನೆಯವರ ವಾಟ್ಸ್‌ಆ್ಯಪ್ ಗುಂಪು ಎರಡನ್ನೂ ಪಂದ್ಯ ಮುಗಿಯುವವರೆಗೆ ಮೌನಕ್ಕೆ ಹಾಕಿ. ಊರಿನ ಭಾವನವರು ಮೊದಲೇ ಹೇಳಿಬಿಟ್ಟರೆ ಕೊನೆಯ ಓವರ್ ನೋಡಿ ಏನು ಸುಖ?

ಪ್ರಶ್ನೆ: ನಮಸ್ಕಾರ್ರೀ. ನಮ್ಮೂರ ಜಾತ್ರಿ ಜಂಗಿ ನಿಕಾಲಿ ಕುಸ್ತಿ ಫೇಸ್‌ಬುಕ್ ಲೈವ್‌ನ್ಯಾಗ ಹಾಕ್ತಾರ. ಫೋನ್‌ನ್ಯಾಗ ಸಣ್ಣದು ಕಾಣತೈತಿ. ಟಿವಿ ಮ್ಯಾಲೆ ಹಾಕೂದು ಹೆಂಗ? — ಪಿಂಪ್ರಿಯ ಓದುಗರು, ಮೂಲ ವಿಜಯಪುರ ಜಿಲ್ಲೆ

ಉತ್ತರ: ನಮಸ್ಕಾರ್ರೀ. ಸ್ಮಾರ್ಟ್ ಟಿವಿ ಇದ್ದರೆ ಫೋನನ್ನೂ ಟಿವಿಯನ್ನೂ ಒಂದೇ ವೈಫೈಗೆ ಜೋಡಿಸಿ, ಫೋನಿನ ಮೇಲಿನಿಂದ ಬೆರಳೆಳೆದು ‘ಕಾಸ್ಟ್’ ಅಥವಾ ‘ಸ್ಕ್ರೀನ್ ಮಿರರ್’ ಒತ್ತಿ, ಟಿವಿಯ ಹೆಸರು ಆರಿಸಿ. ಕರೆ ಬಂದರೆ ಕುಸ್ತಿ ನಿಲ್ಲುತ್ತದೆ, ಆದ್ದರಿಂದ ‘ಡು ನಾಟ್ ಡಿಸ್ಟರ್ಬ್’ ಹಾಕಿ, ಚಾರ್ಜರ್ ಸಿಕ್ಕಿಸಿ. ಹಳೆಯ ಟಿವಿಗೆ ತಂತಿಯಿಂದ ಜೋಡಿಸುವ ಅಡಾಪ್ಟರ್ ಕೊಳ್ಳುವ ಮುನ್ನ ನಿಮ್ಮ ಫೋನಿನ ಟೈಪ್-ಸಿ ಬಾಯಿಂದ ಚಿತ್ರ ಹೊರಬರುತ್ತದೆಯೇ ವಿಚಾರಿಸಿ. ಕಡಿಮೆ ಬೆಲೆಯ ಬಹುಪಾಲು ಫೋನುಗಳಲ್ಲಿ ಆ ಸೌಲಭ್ಯವಿಲ್ಲ, ಅಡಾಪ್ಟರ್ ದಂಡ.

ಇದಕ್ಕಿಂತ ದೊಡ್ಡ ಸುಧಾರಣೆ ಊರಲ್ಲಿ ಲೈವ್ ಹಾಕುವ ಹುಡುಗನ ಕೈಯಲ್ಲಿದೆ. ಅವನು ಫೋನ್ ಉದ್ದಕ್ಕೆ ಹಿಡಿದರೆ 43 ಇಂಚಿನ ಟಿವಿಯಲ್ಲೂ ಚಿತ್ರ ಬರುವುದು 12 ಇಂಚು ಅಗಲಕ್ಕೆ, ಎರಡೂ ಬದಿ ಕಪ್ಪು. ಲೈವ್ ಶುರುಮಾಡುವ ಮೊದಲೇ ಫೋನನ್ನು ಅಡ್ಡ ಹಿಡಿಯಲು ಹೇಳಿ. ಶುರುವಾದ ಮೇಲೆ ತಿರುಗಿಸಿದರೆ ಪೈಲ್ವಾನರು ಮಲಗಿಕೊಂಡೇ ಕಾಣುವುದುಂಟು.

ಪ್ರಶ್ನೆ: ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಫೈನಲ್ ಪಂದ್ಯ ದೊಡ್ಡ ಪರದೆಯಲ್ಲಿ ತೋರಿಸಬೇಕೆಂದಿದ್ದೇವೆ. ನೂರು ಜನ ಬರಬಹುದು. — ಠಾಣೆಯ ಸಂಘವೊಂದರ ಕಾರ್ಯದರ್ಶಿ

ಉತ್ತರ: 2025ರ ಜೂನ್ 3ರಂದು ಬೆಂಗಳೂರು ತಂಡ ಮೊದಲ ಬಾರಿ ಐಪಿಎಲ್ ಗೆದ್ದ ರಾತ್ರಿಯ ಸಂಭ್ರಮ ನೋಡಿದ ಮೇಲೆ ಇಂಥ ಕೂಟಗಳು ಹೆಚ್ಚಬೇಕು ಎಂದೇ ನಮ್ಮ ಆಸೆ. ಕಾನೂನು ಮೊದಲು. ಪ್ರವೇಶಕ್ಕೆ ಹಣ ತೆಗೆದುಕೊಂಡು ಪ್ರಸಾರ ತೋರಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಕಾರ ಹಕ್ಕುದಾರರ ಅನುಮತಿಯಿಲ್ಲದೆ ಆಗದು. ಊಟದ ಕೂಪನ್ ಎಂದು ಹೆಸರು ಬದಲಿಸಿ ಟಿಕೆಟ್ ಮಾರುವುದೂ ಬೇಡ. ಉಚಿತವಾಗಿ ತೋರಿಸಿದರೂ, ಸದಸ್ಯರಿಗಾಗಿ ಬಳಸುವ ಸಂಪರ್ಕ ಟ್ರಾಯ್ ನಿಯಮದಲ್ಲಿ ವಾಣಿಜ್ಯ ವರ್ಗಕ್ಕೆ ಬರುತ್ತದೆ. ಯಾರದೋ ಮನೆಯ ಬಾಕ್ಸ್ ಕಿತ್ತು ತರಬೇಡಿ. ಸಭಾಂಗಣದ ಹೆಸರಲ್ಲೇ ಸಂಪರ್ಕ ಪಡೆಯಿರಿ.

ನೂರು ಜನಕ್ಕೆ 120 ಇಂಚಿನ ಪರದೆ ಕನಿಷ್ಠ: 8.7 ಅಡಿ ಅಗಲ, 4.9 ಅಡಿ ಎತ್ತರ. ಕೂತವರ ತಲೆ ಅಡ್ಡ ಬಾರದಂತೆ ಪರದೆಯ ಕೆಳಅಂಚು ನೆಲದಿಂದ ನಾಲ್ಕೂವರೆ ಅಡಿ ಮೇಲಿರಲಿ. ಸಾಮಾನ್ಯ ಪ್ರೊಜೆಕ್ಟರ್ ಪರದೆಯ ಅಗಲದ ಒಂದೂವರೆ ಪಟ್ಟು ದೂರ, ಅಂದರೆ 13 ಅಡಿ ಬೇಡುತ್ತದೆ. ಅದರ ಬೆಳಕು 3,500 ಲ್ಯೂಮೆನ್‌ಗಿಂತ ಕಡಿಮೆಯದು ಬೇಡ. ಮಧ್ಯಾಹ್ನ ಮೂರೂವರೆಯ ಪಂದ್ಯಕ್ಕೆ ಅದೂ ಸಾಲದು, ಕಿಟಕಿಗೆ ದಪ್ಪ ಪರದೆ ಕಟ್ಟಬೇಕು.

ಕೆಡುವುದು ಮೂರು ಕಡೆ. ಒಂದು, ಬಾಕ್ಸ್‌ನಿಂದ ಪ್ರೊಜೆಕ್ಟರ್‌ಗೆ ಎಳೆದ ಉದ್ದದ ಎಚ್‌ಡಿಎಂಐ ಕೇಬಲ್. ಸಾದಾ ಕೇಬಲ್ 10 ಮೀಟರ್ ದಾಟಿದರೆ ಚಿತ್ರ ಮಿನುಗುತ್ತದೆ ಅಥವಾ ಬರುವುದೇ ಇಲ್ಲ. ಬಾಕ್ಸನ್ನೇ ಪ್ರೊಜೆಕ್ಟರ್ ಪಕ್ಕಕ್ಕೆ ಒಯ್ಯಿರಿ, ಇಲ್ಲವೇ ಆಪ್ಟಿಕಲ್ ಎಚ್‌ಡಿಎಂಐ ಬಾಡಿಗೆಗೆ ತನ್ನಿ. ಎರಡು, ಹಳೆಯ ಪ್ರೊಜೆಕ್ಟರ್‌ಗೆ ವಿಜಿಎ ಪರಿವರ್ತಕ ಹಾಕಿದಾಗ ಬರುವ ಕಪ್ಪು ಪರದೆ. ನಕಲು ತಡೆಯಲು ಬಾಕ್ಸ್ ತಾನೇ ಚಿತ್ರ ತಡೆಹಿಡಿಯುತ್ತದೆ, ಎಷ್ಟು ತಿಣುಕಿದರೂ ಬರದು. ಮೂರು, ಧ್ವನಿ. ಬ್ಲೂಟೂತ್ ಸ್ಪೀಕರ್ ಹಾಕಿದರೆ ಬ್ಯಾಟಿನ ಸದ್ದು ಹೊಡೆತದ ನಂತರ ಕೇಳುತ್ತದೆ. ಬಾಕ್ಸ್‌ನ ಆಡಿಯೊ ಔಟ್‌ನಿಂದ ತಂತಿಯಲ್ಲೇ ಮಿಕ್ಸರ್‌ಗೆ ಕೊಡಿ. ಕರೆಂಟ್ ಕ್ಷಣ ಹೋದರೂ ಬಾಕ್ಸ್ ಮತ್ತೆ ಚಾಲೂ ಆಗಲು ಒಂದೆರಡು ನಿಮಿಷ ಬೇಕು, ಪ್ರೊಜೆಕ್ಟರ್ ದೀಪ ತಣಿಯುವವರೆಗೆ ಹೊತ್ತದು. ಎರಡನ್ನೂ ಒಂದು ಕೆವಿಎ ಯುಪಿಎಸ್ ಮೇಲೆ ಇಡಿ, ಸ್ಪೀಕರ್ ಬೇರೆ ಲೈನಿನಲ್ಲಿರಲಿ. ಹಿಂದಿನ ದಿನ ಅದೇ ಹೊತ್ತಿಗೆ ಪೂರ್ತಿ ಒಂದು ಗಂಟೆ ಓಡಿಸಿ ನೋಡಿ.

ಪ್ರಶ್ನೆ: ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ಚಿತ್ರ ಜರ್ಕ್ ಹೊಡೆಯುತ್ತದೆ. ಇಂಟರ್ನೆಟ್ ವೇಗ ಚೆನ್ನಾಗಿದೆ. — ಪುಣೆಯ ಕೋಥ್ರೂಡ್ ಓದುಗರು

ಉತ್ತರ: ನಮ್ಮ ದೇಶದ ಪ್ರಸಾರ ಸೆಕೆಂಡಿಗೆ 50 ಅಥವಾ 25 ಚಿತ್ರಗಳದು; ಆಂಡ್ರಾಯ್ಡ್ ಬಾಕ್ಸ್‌ಗಳು ಬರುವಾಗಲೇ 60 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 60 ಚಿತ್ರಕ್ಕೆ ಹೊಂದಿಸಿರುತ್ತವೆ. 50ನ್ನು 60ಕ್ಕೆ ಎಳೆಯುವಾಗ ಕೆಲವು ಚಿತ್ರ ಎರಡೆರಡು ಸಲ ಬರುತ್ತವೆ, ಅದೇ ಜರ್ಕ್. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1080ಪಿ 50 ಹರ್ಟ್ಸ್ ಆರಿಸಿ.

ಪ್ರಶ್ನೆ: ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಇಲ್ಲಿನ ನಮ್ಮ ಆ್ಯಪ್‌ನ ಪಾಸ್‌ವರ್ಡ್ ಕೊಟ್ಟರೆ ಅಲ್ಲಿ ಪಂದ್ಯ ಬರುತ್ತಿಲ್ಲ. ಅವಳಿಗೆ ಬೇರೆಡೆ ಪಂದ್ಯ ಸಿಕ್ಕಾಗ ವಿಡಿಯೋ ಕಾಲ್ ಮಾಡಿ ಒಟ್ಟಿಗೆ ನೋಡೋಣ ಎಂದರೂ ಅವಳದು ಮುಂದೆ, ನಮ್ಮದು ಹಿಂದೆ. — ಮಾಟುಂಗಾದ ಓದುಗರು

ಉತ್ತರ: ಪ್ರಸಾರದ ಹಕ್ಕನ್ನು ದೇಶ ದೇಶಕ್ಕೆ ಬೇರೆ ಬೇರೆ ಮಾರುತ್ತಾರೆ. ಭಾರತದ ಚಂದಾದಲ್ಲಿ ಪಂದ್ಯ ಬರುವುದು ಭಾರತದ ಗಡಿಯೊಳಗಿದ್ದು ನೋಡುವವರಿಗೆ ಮಾತ್ರ. ವಿಪಿಎನ್ (ಬೇರೆ ದೇಶದಲ್ಲಿರುವಂತೆ ತೋರಿಸುವ ತಂತ್ರಾಂಶ) ಹಾಕಿ ದಾಟುವುದು ಚಂದಾ ಕರಾರಿನ ಉಲ್ಲಂಘನೆ, ನಡುವೆ ಕಡಿದುಬೀಳುವುದೂ ಹೆಚ್ಚು. ಅಮೆರಿಕದಲ್ಲಿ ನಿಮ್ಮ ಮಗಳು ಅಲ್ಲಿನ ಕ್ರಿಕೆಟ್ ಚಾನೆಲ್ ವಿಲೋ ಟಿವಿಯ ಚಂದಾ ಪಡೆಯುವುದು ನೇರ ದಾರಿ. ನಮ್ಮ ಸಂಜೆ ಏಳೂವರೆಯ ಪಂದ್ಯ ನ್ಯೂಜೆರ್ಸಿಯಲ್ಲಿ ಬೆಳಗ್ಗೆ 10ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 7ಕ್ಕೆ. ಬೇರೆ ದೇಶಗಳಲ್ಲಿ ಮಕ್ಕಳಿರುವವರಿಗೆ: ದುಬೈಯಲ್ಲಿ ಸಂಜೆ 6, ಕುವೈತ್‌ನಲ್ಲಿ 5, ಸಿಂಗಪುರದಲ್ಲಿ ರಾತ್ರಿ 10. ಲಂಡನ್ನಿನಲ್ಲಿ ಮಧ್ಯಾಹ್ನ 3. ಆದರೆ ಅಲ್ಲಿ ಗಡಿಯಾರ ಮುಂದಿಡುವುದು ಮಾರ್ಚ್‌ನ ಕೊನೆಯ ಭಾನುವಾರ, ಅದಕ್ಕೆ ಮೊದಲಿನ ಪಂದ್ಯಗಳು 2ಕ್ಕೇ ಶುರು.

ಒಟ್ಟಿಗೆ ನೋಡಲು ಹೀಗೆ ಮಾಡಿ. ಓವರ್ ಶುರುವಾಗುವಾಗ ನೀವೂ ಮಗಳೂ, ಬೌಲರ್ ಓಡಲು ಮೊದಲ ಹೆಜ್ಜೆ ಇಟ್ಟಾಗ ‘ಈಗ’ ಎಂದು ಫೋನಿನಲ್ಲಿ ಹೇಳಿ. ಇಬ್ಬರ ‘ಈಗ’ಗಳ ನಡುವೆ ಎಷ್ಟು ಸೆಕೆಂಡ್ ಎಂದು ಎಣಿಸಿ. ಮುಂದಿರುವವರು ತಮ್ಮ ಟಿವಿಯನ್ನು ಅಷ್ಟೇ ಸೆಕೆಂಡ್ ನಿಲ್ಲಿಸಿ ಮತ್ತೆ ಬಿಡಬೇಕು. ಹಿಂದಿರುವವರು ಏನೂ ಮುಟ್ಟಬಾರದು. ಮಧ್ಯೆ ಯಾರಲ್ಲಾದರೂ ಚಕ್ರ ತಿರುಗಿದರೆ ತಾಳ ತಪ್ಪುತ್ತದೆ, ಮುಂದಿನ ಓವರಿಗೆ ಮತ್ತೆ ಒಮ್ಮೆ ‘ಈಗ’ ಹೇಳಿಕೊಳ್ಳಿ. ಮಾತನಾಡುವ ಫೋನನ್ನು ಟಿವಿಯ ಸ್ಪೀಕರಿನಿಂದ ಆದಷ್ಟು ದೂರ ಇಡಿ, ಇಲ್ಲವಾದರೆ ನಿಮ್ಮ ಟಿವಿಯ ಮಾತು ಅವಳ ಕಿವಿಗೆ ಎರಡನೇ ಸಲ ಕೇಳುತ್ತದೆ.